ಅಮಾವಾಸ್ಯೆಯ ಗರುಗದ ಸೊಪ್ಪು

ತೋವಿನಕೆರೆ ಕಡೆಯ ಆ ಹಳ್ಳಿಯಲ್ಲಿ ಮಧ್ಯಾಹ್ನದ ಮುದ್ದೆ ಉಂಡು ಪಾತ್ರೆ ಬೆಳಗಿದ ಮೇಲೆ ಹೆಂಗಸರಿಗೆ ಇದ್ದದ್ದು ಒಂದೇ ದಾರಿ, ಲಕ್ಕಮ್ಮನ ಮನೆಯ ಜಗಲಿ. ಅಲ್ಲಿ ಒಬ್ಬಳ ಹಿಂದೆ ಒಬ್ಬಳು ಸಾಲಾಗಿ ಕೂರುವರು. ಹಿಂದಿನವಳು ಮುಂದಿನವಳ ತುರುಬು ಬಿಚ್ಚಿ, ಹೇನು ಹೆಕ್ಕಿ, ಸಿಕ್ಕು ಬಿಡಿಸಿ, ಎಣ್ಣೆ ಒತ್ತಿ, ಮತ್ತೆ ತುರುಬು ಕಟ್ಟಬೇಕು. ಕೈ ತಲೆಯಲ್ಲಿ, ಬಾಯಿ ಊರಲ್ಲಿ. ಯಾರ ಸೊಸೆ ತವರಿಗೆ ಓಡಿದಳು, ಯಾರ ಎಮ್ಮೆ ಕರು ಹಾಕಿತು ಎಂಬುದೆಲ್ಲ ಅಲ್ಲಿ ಇತ್ಯರ್ಥವಾದ ಮೇಲೆ ಅಮಲ್ದಾರರ ಕಚೇರಿಗೆ ಹೆಚ್ಚು ಕೆಲಸ ಉಳಿಯುತ್ತಿರಲಿಲ್ಲ.

ಆ ಸಾಲಿನಲ್ಲಿ ಲಕ್ಕಮ್ಮನ ಮುಂದಿನ ಜಾಗ ಹೊನ್ನಕ್ಕನದು. ಇಬ್ಬರೂ ಒಂದೇ ವರ್ಷ ಸೊಸೆಯರಾಗಿ ಆ ಕೇರಿಗೆ ಬಂದವರು, ಮನೆಗಳೂ ಎದುರುಬದುರು. ಹೊನ್ನಕ್ಕನ ಗಂಡ ಕದರಪ್ಪ ಬಾಡಿಗೆ ಗಾಡಿ ಹೊಡೆಯುವವನು. ಪಾವಗಡದಲ್ಲಿ ಕಡಲೆಕಾಯಿ ತುಂಬಿಕೊಂಡು ತುಮಕೂರಿಗೆ ಹೊರಟನೆಂದರೆ ಮನೆಗೆ ಯಾವಾಗ ಬರುತ್ತಾನೋ ಅವನ ಎತ್ತುಗಳಿಗೇ ಗೊತ್ತು. ಮಕ್ಕಳಾಗಲಿಲ್ಲ. ಹೊನ್ನಕ್ಕನನ್ನು ಇನ್ನೊಂದು ಕೈ ಅಕ್ಕರೆಯಿಂದ ಮುಟ್ಟುತ್ತಿದ್ದುದು ಅಂತ ಇದ್ದರೆ ಅದು ಲಕ್ಕಮ್ಮನ ಕೈ, ಆ ಮಧ್ಯಾಹ್ನದ ಹೊತ್ತಿನಲ್ಲಿ ಮಾತ್ರ.

“ನಿನ್ ತುರುಬು ಕಟ್ಟಕ್ಕೆ ಎರಡು ಕೈ ಸಾಲಾಕಿಲ್ಲ ಕಣೆ ಹೊನ್ನಿ,” ಎಂದು ಲಕ್ಕಮ್ಮ ಬೈಯುವಳು. ಆ ಬೈಗುಳ ಕೇಳುವುದಕ್ಕೇ ಹೊನ್ನಕ್ಕ ಹೋಗುತ್ತಿದ್ದಳು. ಕೂದಲಿದ್ದವಳು ಯಾವ ತುರುಬು ಹಾಕಿದರೂ ಚೆಂದ ಎಂಬ ಗಾದೆಯನ್ನು ಇವಳನ್ನು ನೋಡಿಯೇ ಕಟ್ಟಿದ್ದು ಎಂದು ಕೇರಿಯವರು ಹೇಳುತ್ತಿದ್ದರು.

ಆಮೇಲೊಂದು ವರ್ಷ ವಿಷಮಶೀತ ಜ್ವರ ಬಂದು ಹೊನ್ನಕ್ಕ ಬದುಕಿದ್ದೇ ಹೆಚ್ಚಾಯಿತು. ಎದ್ದು ಮೊದಲ ಸಲ ಸೀಗೆಪುಡಿ ಹಾಕಿ ತಲೆಗೆ ಎರೆದುಕೊಂಡಾಗ ಬಚ್ಚಲ ಕಿಂಡಿ ಕಟ್ಟಿಕೊಂಡು ನೀರು ನಿಂತಿತು. ಬೆರಳು ಹಾಕಿ ಎಳೆದರೆ ಉಂಡೆ ಉಂಡೆಯಾಗಿ ಕೂದಲು ಬಂತು. ಜ್ವರದ ಕೂದಲು ಮತ್ತೆ ಬರುತ್ತದೆ ಎಂದು ಎಲ್ಲರೂ ಬಲ್ಲರು, ಹೊನ್ನಕ್ಕನೂ ಬಲ್ಲಳು. ಅವಳದು ಬರಲಿಲ್ಲ. ಬೈತಲೆ ದಿನೇ ದಿನೇ ಅಗಲವಾಯಿತು, ನೆತ್ತಿಯ ಚರ್ಮ ಕಾಣತೊಡಗಿತು, ತುರುಬು ಸುತ್ತಿದರೆ ನಿಂಬೆಕಾಯಿಯಷ್ಟಾಯಿತು.

ಮೊದಮೊದಲು ಮಡಿಕೆ ತೊಳೆಯಬೇಕು ಎಂದಳು, ರಾಗಿ ಬೀಸಬೇಕು ಎಂದಳು. ಆಮೇಲೆ ನೆಪ ಹೇಳುವುದನ್ನೂ ಬಿಟ್ಟು ಜಗಲಿಗೆ ಹೋಗುವುದನ್ನೇ ನಿಲ್ಲಿಸಿದಳು. ಸೆರಗನ್ನು ಕಿವಿ ಮುಚ್ಚುವಂತೆ ಬಿಗಿದು ಕಟ್ಟಿಕೊಂಡಳು. ಮಧುಗಿರಿಯಲ್ಲಿ ಚೌರಿ ಸಿಗುತ್ತಿತ್ತು, ಆದರೆ ಆ ಸಾಲಿನಲ್ಲಿ ಕೂತ ಮೇಲೆ ಚೌರಿ ಲಕ್ಕಮ್ಮನ ಕೈಗೆ ಬಾರದೆ ಇರುತ್ತದೆಯೇ? ಮಧ್ಯಾಹ್ನ ಬಾಗಿಲು ಅಡ್ಡ ಮಾಡಿಕೊಂಡು ಒಳಗೆ ಕೂತು, ಎದುರು ಜಗಲಿಯ ನಗುವನ್ನು ಕೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. ಆ ಜಗಲಿಗೆ ಹೋಗಿ ತಲೆ ಬಿಚ್ಚಿ ಕೂರಬೇಕು, ಲಕ್ಕಮ್ಮನಿಂದ ಬೈಸಿಕೊಳ್ಳಬೇಕು.

ಔಷಧಿ ಮಾಡಿದ್ದಕ್ಕೆ ಲೆಕ್ಕವಿಲ್ಲ. ದಾಸವಾಳದ ಎಲೆ ಅರೆದು ಹಚ್ಚಿದಳು, ಮೆಂತ್ಯ ನೆನೆಸಿ ಹಚ್ಚಿದಳು, ಈರುಳ್ಳಿ ರಸ ಹಚ್ಚಿಕೊಂಡು ಮಲಗಿದ ದಿನ ಕದರಪ್ಪ ಚಾಪೆ ಎತ್ತಿಕೊಂಡು ಎತ್ತುಗಳ ಪಕ್ಕಕ್ಕೆ ಹೋದ. ಶಿರಾದಿಂದ ಬಂದ ಹಕೀಮ ಸಾಬರೊಬ್ಬರು “ಅಸಲಿ ತೈಲ ಅಮ್ಮಾ, ಖಾತ್ರಿ” ಎಂದು ಬುಡ್ಡಿಯೊಂದನ್ನು ಕೊಟ್ಟರು. ತೈಲ ಅಸಲಿಯೇ ಇರಬೇಕು, ದಿಂಬು ಮಾತ್ರ ಹಸಿರಾಯಿತು. ಯಾರೋ ಹೇಳಿದರೆಂದು ಗುಲಗಂಜಿ ತೇಯ್ದು ಹಚ್ಚಿ, ನೆತ್ತಿ ಬೊಬ್ಬೆ ಎದ್ದು ವಾರವೆಲ್ಲ ಅತ್ತಳು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಕೊನೆಗೆ ಕೊರಟಗೆರೆ ಸಂತೆಯಲ್ಲಿ ಬೇರು ನಾರು ಹರಡಿಕೊಂಡು ಕೂರುವ ಓಬಳಯ್ಯ ಸಿಕ್ಕಿದ. ಪಾವಗಡದ ಆಚೆಯವನು, ಅರ್ಧ ತೆಲುಗು ಅರ್ಧ ಕನ್ನಡ. ಅವಳ ಸೆರಗು ಸರಿಸಿ ನೆತ್ತಿ ನೋಡಿದವನು ನಗಲಿಲ್ಲ. ಅಷ್ಟಕ್ಕೇ ಅವಳಿಗೆ ಕಣ್ಣು ತುಂಬಿತು.

“ಗರುಗದ ಸೊಪ್ಪು ತಲ್ಲಿ, ಇನ್ನೇನೂ ಬ್ಯಾಡ. ಆದ್ರೆ ಭಾನುವಾರ ಬರೋ ಅಮಾಸೆ ದಿನ, ಹೊತ್ತು ಮೂಡೋಕ್ ಮುಂಚೆ ಕೀಳ್ಬೇಕು. ಅದ್ಕೂ ಮುಂಚೆ ಒಂದು ವಾರ ಯಾರ ಹೊಸ್ತಿಲೂ ತುಳೀಬ್ಯಾಡ. ಕೀಳುವಾಗ ಹಿಂದಕ್ಕೆ ತಿರುಗಬ್ಯಾಡ. ಯಾರು ಪಿಲಿಚಿದ್ರೂ ಪಲಕಬ್ಯಾಡ, ಯಾರು ಕರೆದ್ರೂ ಓ ಅನ್ಬ್ಯಾಡ. ಓ ಅಂದ್ಯೋ, ಸತ್ವ ಎಲ್ಲ ಮಣ್ಣಿಗೆ ಇಳೀತು.”

“ಯಾರಯ್ಯ ಕರೀತಾರೆ ಅಷ್ಟೊತ್ನಲ್ಲಿ?”

“ಗಾಳಿ ಕರೀತೈತೆ ತಲ್ಲಿ. ಬೇಕಾದವ್ರ ದನೀನಾಗೇ ಕರೀತೈತೆ.”

ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕುವುದೆಂದರೆ ಇದೇ. ಸೊಪ್ಪಿಗೂ ಬಾಯಿಗೂ ಏನು ಸಂಬಂಧ ಎಂದು ನಾವು ನೀವು ಕೇಳಬಹುದು. ಆಸೆ ಹೊತ್ತವಳು ಕೇಳುವುದಿಲ್ಲ. ಭಾನುವಾರಕ್ಕೆ ಬೀಳುವ ಅಮಾವಾಸ್ಯೆ ಎಲ್ಲೋ ಅಪರೂಪಕ್ಕೊಂದು. ಮಳೆ ಬಿದ್ದು ಗರುಗ ಚಿಗುರಿದ ತಿಂಗಳಲ್ಲೇ ಅದು ಕೂಡಿಬರಬೇಕೆಂದರೆ ಇನ್ನೂ ಅಪರೂಪ. ಆ ಶ್ರಾವಣದಲ್ಲಿ ಕೂಡಿಬಂದಿತ್ತು.

ಪಥ್ಯದ ವಾರದಲ್ಲಿ ಲಕ್ಕಮ್ಮನ ಸೊಸೆ ಜಯಕ್ಕ ಬಂದು ಬಾಗಿಲು ತಟ್ಟಿದಳು. “ದೊಡ್ಡಮ್ಮ, ನಮ್ಮತ್ತೆ ನಿನ್ನ ಕೇಳ್ತೈತೆ. ಒಂದ್ ಗಳಿಗೆ ಬರ್ಬೇಕಂತೆ.”

“ಮೈ ಸರಿಯಿಲ್ಲ ಕಣಮ್ಮ, ಇನ್ನೊಂದಿನ ಬತ್ತೀನಿ ಅನ್ನು,” ಎಂದು ಹೊನ್ನಕ್ಕ ಒಳಗಿನಿಂದಲೇ ಹೇಳಿ ಕಳಿಸಿದಳು. ಕೂದಲು ಬಂದ ಮೇಲೆ ಹೋದರಾಯಿತು, ಆಗ ಎಲ್ಲವನ್ನೂ ಹೇಳಿ ನಗಬಹುದು ಎಂದುಕೊಂಡಳು. ಎದುರು ಮನೆಯಲ್ಲಿ ಕೆಮ್ಮು ಕೇಳಿಸುತ್ತಿತ್ತು. ಶ್ರಾವಣದಲ್ಲಿ ಯಾರ ಮನೆಯಲ್ಲಿ ಕೆಮ್ಮಿಲ್ಲ?

ಆ ಭಾನುವಾರ ಕೋಳಿ ಕೂಗುವಾಗಲೇ ಎದ್ದು ಕೆರೆಯ ಕೆಳಗಿನ ಬದುವಿಗೆ ಹೋದಳು. ಗಾಡಿದಾರಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತು ಮಡಿಲಿಗೆ ಸೊಪ್ಪು ಕೀಳತೊಡಗಿದಳು. ಇಬ್ಬನಿಗೆ ಕೈ ತಣ್ಣಗಾಗಿತ್ತು. ಅರ್ಧ ಮಡಿಲು ತುಂಬಿರಬೇಕು, ಹಿಂದಿನಿಂದ ದನಿ ಬಂತು.

“ಹೊನ್ನೀ.”

ಸೋತ ದನಿ, ಆದರೆ ಲಕ್ಕಮ್ಮನದೇ. ಬೇಕಾದವರ ದನಿಯಲ್ಲೇ ಕರೆಯುತ್ತದೆ ಎಂದಿದ್ದನಲ್ಲ ಓಬಳಯ್ಯ. ತುಟಿ ಕಚ್ಚಿಕೊಂಡು ಸೊಪ್ಪು ಕಿತ್ತಳು.

“ಲೇ ಹೊನ್ನೀ, ನಾನ್ ಕಣೆ. ಇಲ್ ಬಾರೆ ವಸಿ.”

ಅದು ಗಾಳಿಯೆಂದೇ ತಿಳಿದೆ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು. ನಾನು ಒಪ್ಪುವುದಿಲ್ಲ. ದನಿಯ ಜೊತೆ ಎತ್ತಿನ ಕೊರಳ ಗಂಟೆಯೂ ಕೇಳಿಸಿತ್ತು. ಒಂದು ಗಂಟೆ ಒಡೆದು ಲೊಟಲೊಟ ಎನ್ನುತ್ತಿದ್ದ ಆ ಜೋಡಿ ಲಕ್ಕಮ್ಮನ ಮನೆಯದೆಂದು ಊರಿನ ಹಸುಗೂಸಿಗೂ ಗೊತ್ತಿತ್ತು. ಗಾಳಿ ಎತ್ತು ಕಟ್ಟಿಕೊಂಡು ತಿರುಗುವುದಿಲ್ಲ. ಹೊನ್ನಕ್ಕನಿಗೆ ಗೊತ್ತಾಗಿತ್ತು. ಗೊತ್ತಾಗಿಯೂ, ಸೊಪ್ಪಿನ ಸತ್ವ ಇಳಿದುಹೋದರೆ ಮತ್ತೆ ಯಾವ ವರ್ಷವೋ ಎಂದು, ಬಾಯಿ ಬಿಡಲಿಲ್ಲ. ಗಾಡಿ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಗಂಟೆಯ ಸದ್ದು ಮಧುಗಿರಿಯ ದಾರಿ ಹಿಡಿಯಿತು.

ಮನೆಗೆ ಬಂದು ಸೊಪ್ಪು ಜಜ್ಜಿ, ರಸ ಹಿಂಡಿ, ಕೊಬ್ಬರಿ ಎಣ್ಣೆಯಲ್ಲಿ ಕಾಯಿಸುತ್ತಿರುವಾಗ ಪಕ್ಕದ ಮನೆಯವರು ಹೇಳಿದರು. ಲಕ್ಕಮ್ಮನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ನೆತ್ತಿಗೇರಿದೆ, ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ದರು ಎಂದು. ಹೊನ್ನಕ್ಕ ಸೌಟು ಹಿಡಿದುಕೊಂಡೇ ಕೂತಳು. ಎಣ್ಣೆ ಸೀಯುವ ಹೊತ್ತಿಗೆ ಎಚ್ಚರಾಗಿ ಇಳಿಸಿದಳು. ನಾಳೆಯೇ ಮಧುಗಿರಿಗೆ ಹೋಗಿ ಕಾಲು ಹಿಡಿದುಕೊಳ್ಳುತ್ತೇನೆ ಎಂದು ಗಂಡನ ದಾರಿ ನೋಡಿದಳು. ಗಂಡನಿಗಿಂತ ಮೊದಲು ಒಡೆದ ಗಂಟೆಯ ಗಾಡಿ ವಾಪಸಾಯಿತು. ಲಕ್ಕಮ್ಮನನ್ನು ಅದರಲ್ಲಿ ಮಲಗಿಸಿ, ಮೇಲೆ ಬಟ್ಟೆ ಹೊದಿಸಿ ತಂದಿದ್ದರು.

ಎಲ್ಲರಂತೆ ಹೋಗಿ ಅತ್ತಳು. ಹೆಣಕ್ಕೆ ನೀರೆರೆಯುವ ಹೆಂಗಸರ ನಡುವೆ ನುಗ್ಗಲು ಧೈರ್ಯ ಸಾಲದೆ ಬೇಲಿಯ ಪಕ್ಕ ನಿಂತಿದ್ದಳು.

ಎಣ್ಣೆಯನ್ನು ಚೆಲ್ಲಲಿಲ್ಲ. ಅಷ್ಟು ಬೆಲೆ ತೆತ್ತ ಎಣ್ಣೆಯನ್ನು ಚೆಲ್ಲುವುದು ಹೇಗೆ? ದಿನವೂ ಹಚ್ಚಿದಳು, ಒಂದು ಥರದ ಹಟದಿಂದ. ಸೊಪ್ಪಿನ ಗುಣವೋ, ಜ್ವರದ ಕಾವು ಈಗ ಇಳಿಯಿತೋ ದೇವರಿಗೇ ಗೊತ್ತು, ಸಂಕ್ರಾಂತಿ ಹೊತ್ತಿಗೆ ಬೈತಲೆಯ ಅಂಚಿನಲ್ಲಿ ಬೆರಳಿಗೆ ಮೆತ್ತಗೆ ಏನೋ ತಗುಲಿತು. ಕನ್ನಡಿ ಹಿಡಿದು ಬೆಳಕಿಗೆ ಬಂದಳು. ಮೊಳೆತ ರಾಗಿಯ ಹಾಗೆ ಎಳೆಗೂದಲು ಬಂದಿತ್ತು.

“ಲೇ ಲಕ್ಕೀ, ನೋಡೇ,” ಎಂದು ಕನ್ನಡಿ ಹಿಡಿದುಕೊಂಡೇ ಬೀದಿ ದಾಟಿ ಓಡಿದಳು. ಎದುರು ಜಗಲಿಗೆ ಕಾಲಿಟ್ಟ ಮೇಲೆ ನೆನಪಾಯಿತು.

ಜಗಲಿ ಬಿಕೋ ಎನ್ನುತ್ತಿತ್ತು. ಲಕ್ಕಮ್ಮ ಹೋದ ಮೇಲೆ ಸಾಲು ಮುರಿದಿತ್ತು, ಹೆಂಗಸರು ತಮ್ಮ ತಮ್ಮ ಮನೆಯಲ್ಲೇ ಬಾಚಿಕೊಳ್ಳುತ್ತಿದ್ದರು. ಜಯಕ್ಕ ಒಬ್ಬಳೇ ಅವರೆಕಾಯಿ ಸುಲಿಯುತ್ತಿದ್ದಳು. ಸೆರಗು ಜಾರಿದ ಹೊನ್ನಕ್ಕನ ನೆತ್ತಿ ನೋಡಿ ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ.

“ಬಂತಲ್ಲ ದೊಡ್ಡಮ್ಮ ಕೂದ್ಲು. ನಮ್ಮತ್ತೆ ಇದ್ದಿದ್ರೆ ಕುಣಿದಾಡೋದು.”

“ಅವಳಿಗೆ ಗೊತ್ತಿತ್ತಾ?”

“ಕೇರಿಗೆಲ್ಲ ಗೊತ್ತಿತ್ತು. ಹೊನ್ನಿ ನಾಚ್ಕೊಂಡವ್ಳೆ, ಯಾರೂ ಕೇಳ್ಬ್ಯಾಡಿ, ತಾನಾಗೇ ಬತ್ತಾಳೆ, ಜಾಗ ಬುಟ್ಟಿರಿ ಅಂತಿತ್ತು. ನಿನ್ ಜಾಗದಾಗೆ ಯಾರ್ನೂ ಕೂರಿಸ್ತಿರ್ಲಿಲ್ಲ.”

ಹೊನ್ನಕ್ಕ ಜಗಲಿಯ ಅಂಚಿಗೆ ಕೂತಳು. ಕೇಳಬಾರದು ಎಂದುಕೊಂಡಿದ್ದನ್ನೇ ಕೇಳಿದಳು. “ಗಾಡಿಯಾಗೆ ಹೋಗುವಾಗ... ಕರೀತಂತಲ್ಲ?”

“ಊಂ. ಮಲಗಿ ಮಲಗಿ ತಲೆಯೆಲ್ಲ ಸಿಕ್ಕು ಕಟ್ಕಂಡಿತ್ತು. ನನ್ನ ಮುಟ್ಟಾಕೂ ಬುಡಲಿಲ್ಲ. ಡಾಕ್ಟ್ರ ಮುಂದೆ ಇಂಗೇ ಹೆಂಗೆ ಹೋಗ್ಲಿ, ಹೊನ್ನಿ ಬಂದು ಒಂದ್ ತುರುಬು ಕಟ್ಟಿಬುಡ್ಲಿ ಅಂತು. ಅದ್ಕೇ ಗಾಡಿ ನಿಲ್ಲಿಸಿದ್ವಿ.” ಜಯಕ್ಕ ಕಾಳನ್ನು ಮೊರಕ್ಕೆ ಹಾಕಿದಳು. “ನೀನು ತಿರುಗ್ಲಿಲ್ಲ. ಇಳಿದು ಕರೀತೀನಿ ಅಂದ್ರೂ ಬುಡಲಿಲ್ಲ. ಕಿವಿ ಮೇಲೆ ಸೆರಗು ಬಿಗಿದವ್ಳೆ, ಪಾಪ, ಕೇಳಿಸ್ಲಿಲ್ಲ, ಗಾಡಿ ಹೊಡೀರಿ ಅಂತು. ಅಂಗೇ ಹೋಯ್ತು, ಸಿಕ್ಕು ತಲೇನಾಗೆ.”

ಕೇಳಿಸಿತ್ತು ಎನ್ನುವ ಬದಲು ಹೊನ್ನಕ್ಕ ಬಾಚಣಿಗೆ ಎತ್ತಿಕೊಂಡಳು. ಅವಳು ಸತ್ತವಳ ಸೊಸೆಯನ್ನು ಮುಂದೆ ಕೂರಿಸಿಕೊಂಡು ತಲೆ ಬಿಚ್ಚಿ ಬಾಚಿದಳು, ಸಿಕ್ಕಿಲ್ಲದ ಕಡೆಯೂ ಮತ್ತೆ ಮತ್ತೆ ಬಾಚಿದಳು.

ಹೊನ್ನಕ್ಕನ ಕೂದಲು ಆಮೇಲೆ ಮೊದಲಿನಷ್ಟಲ್ಲದಿದ್ದರೂ ತುರುಬಾಗುವಷ್ಟು ಬಂತು. ಕಿವಿಯ ಮೇಲೆ ಮಾತ್ರ ಅವಳು ಮತ್ತೆ ಸೆರಗು ಎಳೆದುಕೊಳ್ಳಲಿಲ್ಲ. ಬೀದಿಯಲ್ಲಿ ಯಾರು ಯಾರನ್ನು ಕೂಗಿದರೂ ಒಳಗಿನಿಂದ ಅವಳ ಓ ಕೇಳಿಸುತ್ತದೆ. ಬಳೆಗಾರ ಕೂಗಿದರೆ ಓ, ಎಮ್ಮೆ ಅರಚಿದರೆ ಓ. ಹೊನ್ನಕ್ಕನ ಮನೆ ಮುಂದೆ ಕೆಮ್ಮಬ್ಯಾಡ್ರೋ, ಓ ಅಂತಾಳೆ ಎಂದು ಊರಿನವರು ನಗುತ್ತಾರೆ. ನಸುಕಿನಲ್ಲಿ ದಾರಿಯ ಕಡೆ ಎತ್ತಿನ ಗಂಟೆಯಾದರೆ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾಳೆ. ಯಾರೂ ಕರೆದಿರುವುದಿಲ್ಲ. ಆದರೂ ಓ ಎಂದು, ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋಗುತ್ತಾಳೆ.