ಒಬ್ಬರೇ ನಿಲ್ಲಿಸುವ ಮನೆ

ಬೆಳಕಿನ ಗೆರೆ ಮತ್ತೆ ಅಗಲವಾಯಿತು, ಈಗ ತಾನೇ ಕೂದಲೆಳೆಯಷ್ಟಿತ್ತು, ಬೆಣೆಯ ಮೇಲೆ ಕೊಡತಿಯ ಪೆಟ್ಟು ಬಿದ್ದದ್ದೇ ತಡ ಹಲಗೆಯ ಆಚೆ ಮೂಲೆ ಎದ್ದು ಬೆರಳು ತೂರುವಷ್ಟಾಯಿತು, ಅದರಾಚೆ ಕೊಲಂಬಿಯಾ ನದಿ, ಬೂದಿಬಣ್ಣದ್ದು, ಯಾವುದೋ ಹಡಗಿನ ಮೂತಿ — ಅರೆ ನಿಂತ ಮನೆಯ ಒಳಗಿಂದ ಲೆಂಪಿ ಬೆಣೆ ಕಿತ್ತು ಮತ್ತೆ ಇಟ್ಟಳು. ಉಳಿದ ಹಲಗೆಗಳೆಲ್ಲ ತಕರಾರಿಲ್ಲದೆ ಕೂತಿವೆ, ಮೊಳೆಯಿಲ್ಲ, ಅಂಟಿಲ್ಲ, ಬರೀ ತೋಡು ಮತ್ತು ಬೆಣೆ, ಈ ಕೊನೆಯದೊಂದು ಮಾತ್ರ ಹೀಗೆ. ತೇವವಿರಬೇಕು, ಮಿಲ್ಲಿನ ಬಿಸಿಯಲ್ಲಿ ಒಣಗಿದ ಪ್ಲೈವುಡ್ ನದಿಗಾಳಿ ಕುಡಿದು ಉಬ್ಬುತ್ತದೆ, ಆದರೆ ಉಬ್ಬಿದ್ದರೆ ಬಿಗಿಯಾಗಬೇಕಿತ್ತು, ಏಳಬಾರದಿತ್ತು, ಅಳೆದಳು, ದಪ್ಪ ಸರಿಯಾಗಿದೆ, ತೋಡಿನ ಓರೆಯೂ ಸರಿ, ಹಾಗಾದರೆ ತಮ್ಮ ಕೊಟ್ಟಿಗೆಯಲ್ಲಿ ಮಾದರಿ ಕಟ್ಟಿದಾಗ ಪ್ರತಿ ಸಲವೂ ಕೂತದ್ದು ಇಲ್ಲೇಕೆ ಕೂರುವುದಿಲ್ಲ? ಹೊರಗೆ ಆರ್ವೋ ಸೀಟಿ ಹಾಕುತ್ತ ಫಲಕಕ್ಕೆ ಬಣ್ಣ ಬಳಿಯುತ್ತಿದ್ದಾನೆ, ಮಿಲ್ಲಿನ ಮೇಸ್ತ್ರಿ, ಅಕ್ಷರ ಚೆಂದ ಬರೆಯುತ್ತಾನೆಂದು ಇದೂ ಅವನ ಪಾಲಿಗೇ ಬಂದಿದೆ, ಒಬ್ಬರೇ ನಿಲ್ಲಿಸುವ ಮನೆ ಎಂದು ಬರೆದಿದ್ದಾನೆ, ನಾಳೆ ಪ್ರದರ್ಶನದಲ್ಲಿ ಊರೆಲ್ಲ ನೋಡುತ್ತಿರುವಾಗ ಅವಳೊಬ್ಬಳೇ ಇದನ್ನು ನಿಲ್ಲಿಸಿ ತೋರಿಸಬೇಕು. ಏನೇ ಲೆಂಪಿ, ಒಳಗೇ ಸಂಸಾರ ಹೂಡಿಬಿಟ್ಯಾ, ಕಾಫಿ ಆರಿಹೋಗ್ತಿದೆ. ಬರ್ತೀನಿ ಇರು. ಒಂದು ಮೊಳೆ ಹೊಡೆದು ಮುಗಿಸಬಾರದಾ ಮಾರಾಯ್ತಿ, ಯಾರಿಗೆ ಕಾಣುತ್ತೆ? ನನಗೆ ಕಾಣುತ್ತೆ.

ಹೋದ ವರ್ಷ ಈ ಮನೆಗೆ ಪ್ಲೈವುಡ್ ಕೇಳಲು ಹೋದಾಗ ಮಿಲ್ಲಿನ ಪಾಲುದಾರರ ಸಭೆಯಲ್ಲೂ ಇದೇ ಆರ್ವೋ, ಒಂಟಿಯಾಗಿ ಮನೆ ಕಟ್ಕೊಳ್ಳೋರು ಯಾರಮ್ಮ, ಹುಚ್ಚರಾ? ಎಲ್ಲರೂ ನಕ್ಕಿದ್ದರು, ಅವಳು ಎದ್ದು ನಿಂತು ಕಾಡಿನ ಬೆಂಕಿ ಕಾಯುವವರು ಎಂದಳು, ಬಲೆಗಾರರು, ಗಂಡ ಸತ್ತವರು ಎಂದಳು, ಆಗ ಆ ಮಾತು ಬೇರೆ ಯಾರದೋ ಬದುಕಿನದಾಗಿತ್ತು, ಎಷ್ಟು ಸಲೀಸಾಗಿ ಬಾಯಿಗೆ ಬಂತು, ಕೊನೆಗೆ ಸುಲೋ ಎದ್ದ, ಅವಳ ಗಂಡ, ಅವನೂ ಒಬ್ಬ ಪಾಲುದಾರ, ಅವಳೊಬ್ಬಳೇ ನಿಲ್ಲಿಸ್ತಾಳಪ್ಪ, ನಾನೇ ಕಣ್ಣಾರೆ ನೋಡಿದೀನಿ, ಅಷ್ಟೇ ಹೇಳಿದ, ಕೈಗಳು ಮೇಲೆದ್ದವು, ಪ್ಲೈವುಡ್ ಸಿಕ್ಕಿತು. ಚಳಿಗಾಲಕ್ಕೆ ಮುಂಚೆಯೇ ಅವನನ್ನು ಮಣ್ಣು ಮಾಡಿದರು. ನೋಡಿದೀನಿ ಅಂದನಲ್ಲ, ಎಲ್ಲಿಂದ ನೋಡಿದ? ಹೊರಗಿಂದ. ಅವಳು ಒಳಗೆ ಬೆಣೆ ಬಡಿಯುವಾಗ ಅವನು ಗೋಡೆಯಾಚೆ ಮಾತಾಡುತ್ತಿರುತ್ತಿದ್ದ, ಸೌನಾದ ಬಿಸಿಸ್ನಾನಕ್ಕೆ ಸೌದೆ ಸಾಲದು ಕಣೆ, ಹೊಳೆಯಲ್ಲಿ ಸ್ಮೆಲ್ಟ್ ಮೀನು ಬಂದಿದೆಯಂತೆ ಕಣೆ, ಇನ್ನೂ ಆಗಲಿಲ್ವಾ ಕಣೆ — ಅವನ ದನಿ ಬರುತ್ತಿದ್ದುದು ಈ ಮೇಲ್ಮೂಲೆಯಿಂದಲೇ, ಹಲಗೆಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ, ಅವನಿಗೆ ಸುಮ್ಮನೆ ನಿಂತು ಗೊತ್ತೇ ಇರಲಿಲ್ಲ, ಎಲ್ಲಿ ನಿಂತರೂ ಒರಗಬೇಕು, ಪಕ್ಕದ ಮನೆಯವರ ಕಾರಿಗೆ, ಚರ್ಚಿನ ಬಾಗಿಲಿಗೆ, ಅವಳು ಲೆಕ್ಕ ಮಾಡುತ್ತಿದ್ದರೆ ಅವಳ ಕುರ್ಚಿಯ ಬೆನ್ನಿಗೆ, ಕಿರುಬೆರಳು ಅರ್ಧವೇ ಇದ್ದ ಆ ಅಂಗೈ ಪೂರ್ತಿ ಊರಿ. ಅಂಗೈ. ಅವಳ ಕೊಡತಿ ಹಾಗೇ ನಿಂತಿತು. ಗಾಳಿ ಲೆಕ್ಕ ಹಾಕಿದ್ದಳು, ತೇವ ಹಾಕಿದ್ದಳು, ಹಿಮದ ಭಾರ ಹಾಕಿದ್ದಳು.

ಆರ್ವೋ, ಇಲ್ಲಿ ಬಾ, ಆ ಮೇಲಿನ ಮೂಲೆಗೆ ಕೈಯಿಡು. ತಳ್ಳಲಾ? ಬೇಡ, ಸುಮ್ಮನೆ ಇಡು, ಮಾತಾಡ್ತಾ ನಿಂತ ಹಾಗೆ. ಏನು ಮಾತಾಡಲಿ? ಏನಾದ್ರೂ. ಕಾಫಿ ಆರಿಹೋಯ್ತು ಅಂತಿದೀನಿ. ಬೆಳಕಿನ ಗೆರೆ ಸಣ್ಣದಾಯಿತು, ಇಲ್ಲವಾಯಿತು, ಬೆಣೆಗೆ ಕೊಡತಿಯೂ ಬೇಕಾಗಲಿಲ್ಲ, ಮುಷ್ಟಿಯಿಂದ ಗುದ್ದಿದರೆ ಒಳಗಿಳಿಯಿತು, ಮನೆ ಪೂರ್ತಿಯಾಯಿತು, ಒಳಗೆ ಫರ್ ಮರದ ವಾಸನೆ, ಕತ್ತಲು, ಅವಳು. ಕೂತುಬಿಡ್ತಲ್ಲೇ! ಇನ್ನು ಕೈ ತೆಗೀಬಹುದಾ? ತೆಗಿ. ಹಲಗೆ ಅಲುಗಲಿಲ್ಲ. ಅಷ್ಟೇ ಬೇಕಿದ್ದದ್ದು, ಬೆಣೆ ಇಳಿಯುವಷ್ಟು ಹೊತ್ತು. ನಾಳೆ ಒಂದು ಮೊಳೆ ಹೊಡೆದರೆ ಯಾರಿಗೂ ಕಾಣುವುದಿಲ್ಲ, ನಿಜ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಗಂಡ ಸತ್ತವಳೊಬ್ಬಳು ಇದನ್ನು ಕೊಂಡು ಎಲ್ಲೋ ಬೆಟ್ಟದ ಮೇಲೆ ಒಳಗೆ ನಿಂತು ಬಡಿಯುತ್ತಾಳೆ, ಬಡಿಯುತ್ತಲೇ ಇರುತ್ತಾಳೆ. ಆರ್ವೋ, ಫಲಕದಲ್ಲಿ ಒಬ್ಬರೇ ಅಂತಿದೆಯಲ್ಲ, ಅದನ್ನ ಅಳಿಸು. ಅಯ್ಯೋ, ಈಗ ತಾನೇ ಒಣಗ್ತಿದೆಯಲ್ಲೇ, ಮತ್ತೇನು ಬರೀಲಿ, ಇಬ್ಬರು ಅಂತಲಾ? ಇಬ್ಬರು — ಅಲ್ಲ, ಇಬ್ಬರು ಎಂದರೆ ಇಬ್ಬರೂ ದುಡಿಯಬೇಕು, ಸುಲೋ ಏನೂ ದುಡಿಯಲಿಲ್ಲ, ಎತ್ತಲಿಲ್ಲ, ತಳ್ಳಲಿಲ್ಲ, ತಾನು ಹಿಡಿದಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಲೆಂಪಿ, ಕೇಳಿಸ್ತಾ, ಏನು ಬರೀಲಿ? ಒಳಗೆ ಒಬ್ಬಳು, ಹೊರಗೆ, ಹಲಗೆಯ ಆ ಬದಿಗೆ, ಅವಳಿಗೆ ಕಾಣದ ಹಾಗೆ, ಅಗಲವಾದದ್ದು, ಗರಗಸಕ್ಕೆ ಅರ್ಧ ಕಿರುಬೆರಳು ಹೋದದ್ದು, ಸುಮ್ಮನೆ ಊರಿದ್ದು, ಒಂದು ಅಂಗೈ.