ಚೀಟಿಯ ಮೇಲಿನ ತಿಂಗಳು

ತೀರಿಕೊಂಡ ತಾಯಿಯ ಮುಂಗೈಗೆ ಅಂಟಿದ್ದ ಮೀನಿನ ಹುರುಪೆಯನ್ನು ಮಗಳು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಳು. ಅದು ಬರಲಿಲ್ಲ. ಉಗುರಿನಿಂದ ಕೆರೆಯುತ್ತಿರುವಾಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಮುದುಕರೊಬ್ಬರು ಒಳಗೆ ಬಂದರು.

“ಬಾಟ್ಲಿ ಸಾರ್ ಬಂದ್ರು, ಕುರ್ಚಿ ಕೊಡ್ರಪ್ಪಾ,” ಎಂದ ಅವಳ ಸೋದರಮಾವ. ಪಕ್ಕದವನು ಹುಬ್ಬೇರಿಸಿದ್ದಕ್ಕೆ, “ನಿನ್ನ ಬಾಟ್ಲಿ ಅಲ್ಲ, ಮೀನಿನ ಮೊಟ್ಟೆ ಬಾಟ್ಲಿ,” ಎಂದು ತಗ್ಗಿದ ದನಿಯಲ್ಲಿ ಸೇರಿಸಿದ. ಮಾವನಿಗೆ ಒಂದು ದೋಣಿಯಿತ್ತು.

ಬಂದವರು ಮೀನು ಸಂಶೋಧನಾ ಕೇಂದ್ರದಿಂದ ನಿವೃತ್ತರಾದವರು. ಸತ್ತವಳು ನಲವತ್ತು ವರ್ಷ ಬಂದರಿನಲ್ಲಿ ಮೀನು ಕೊಯ್ದವಳು. ಗೋಡೆಯ ಮೇಲೆ ಸರ್ಕಾರದ ಸೂಚನೆಯೊಂದಿತ್ತು: ಮೀನು ಮೊಟ್ಟೆಯಿಡುವ ಕಾಲವಾದ್ದರಿಂದ ಮೇ, ಜೂನ್ ಎರಡೂ ತಿಂಗಳು ದೋಣಿ ಇಳಿಸುವಂತಿಲ್ಲ. ಆ ತಿಂಗಳುಗಳನ್ನು ಆರಿಸಿದ್ದು ಸಾರ್ ಬರೆದ ಪ್ರಬಂಧ ನೋಡಿ. ಅಷ್ಟು ವರ್ಷ ದೋಣಿ ಕಟ್ಟಿಹಾಕಿದರೂ ಮೀನು ಯಾಕೆ ಕಮ್ಮಿಯಾಗುತ್ತಲೇ ಇದೆಯೋ ಎಂದು ಮಾವ ಯಾರಿಗೋ ಹೇಳುತ್ತಿದ್ದ. ಅವರು ಗೋಡೆಯಿಂದ ಕಣ್ಣು ತೆಗೆದರು.

* * *

ಮೂವತ್ತು ವರ್ಷದ ಹಿಂದೆ ಸತ್ತವಳಿಗೆ ಅವರು, ಮೊಟ್ಟೆ ಕೆಡದಂತೆ ಔಷಧಿ ತುಂಬಿದ ಒಂದು ಪೆಟ್ಟಿಗೆ ಬಾಟಲಿ ಕೊಟ್ಟಿದ್ದರು. ಹೊಟ್ಟೆ ಸೀಳಿದಾಗ ಸಿಕ್ಕ ಮೊಟ್ಟೆಚೀಲವನ್ನು ಅದರಲ್ಲಿ ಹಾಕಿ, ಚೀಟಿಯಲ್ಲಿ ಪೆನ್ಸಿಲಿನಿಂದ ತಾರೀಕು ಬರೆಯಬೇಕಿತ್ತು. ವರ್ಷ ಮುಗಿದಾಗ ಕೂಸನ್ನು ಹೆಗಲಿಗೆ ಹಾಕಿಕೊಂಡು ಪೆಟ್ಟಿಗೆ ತಂದಳು. ಒಂಬತ್ತು ಬಾಟಲಿಗಳಲ್ಲಿ ಮೊಟ್ಟೆ ಪೂರ್ತಿ ಬಲಿತಿತ್ತು. ಚೀಟಿಗಳಲ್ಲಿ ತಿಂಗಳ ಜಾಗದಲ್ಲಿ ಮೂರು ಎಂದಿತ್ತು, ಅಂದರೆ ಮಾರ್ಚ್. ಅವರ ನಕ್ಷೆಯಲ್ಲಿ ಬಲಿತ ಮೊಟ್ಟೆಯ ರೇಖೆ ಏರುವುದು ಮೇ ತಿಂಗಳಲ್ಲಿ.

“ತಿಂಗಳು ತಪ್ಪು ಬರೆದಿದ್ದೀಯಮ್ಮ.”

“ಇಲ್ಲ ಸಾರ್. ಆ ಕೊನೇ ಬಾಟ್ಲಿ ದಿನ ನಂಗೆ ಮರೆಯೋದಲ್ಲ.”

ಯಾಕೆ ಎಂದು ಅವರು ಕೇಳಲಿಲ್ಲ. ಅವಳ ಎದುರಿಗೇ ರಬ್ಬರಿನಿಂದ ಮೂರನ್ನು ಉಜ್ಜಿ ಐದು ಮಾಡಿದರು. ಒಂಬತ್ತು ಸಲ.

* * *

ಮಗಳು ನೀರು ತಂದುಕೊಟ್ಟಳು.

“ನಾನು ಹುಟ್ಟಿದ ದಿನಾನೂ ಅಮ್ಮ ಮೀನು ಕೊಯ್ತಿದ್ಲು, ಸಾರ್. ನೋವು ಶುರುವಾದ್ರೂ ನಿಮ್ಮ ಬಾಟ್ಲಿ ತುಂಬಿ, ತಾರೀಕು ಬರ್ದೇ ಆಸ್ಪತ್ರೆಗೆ ಹೊರಟಿದ್ದಂತೆ.”

ಲೋಟ ಅವರ ತುಟಿಯ ಬಳಿಯೇ ನಿಂತಿತು.

“ಯಾವತ್ತು ಹುಟ್ಟಿದ್ದು ನೀನು?”

“ಮಾರ್ಚ್ ಹದಿನೇಳು. ನಾಡಿದ್ದು.”

ಆ ಅಂಕಿ ಅವರಿಗೆ ನೆನಪಿತ್ತು. ಹದಿನೇಳನ್ನು ಅವರು ಅಳಿಸಿರಲಿಲ್ಲ, ಅದರ ಪಕ್ಕದ್ದನ್ನು ಮಾತ್ರ.

ಹೊತ್ತಾಯಿತೆಂದು ಮಾವ ಎದ್ದ. ಅವಳಿಗೆ ನೀವಂದರೆ ಭಾಳ ಗೌರವ ಸಾರ್, ನೀವೂ ಚಟ್ಟದ ಒಂದು ಮೂಲೆ ಹಿಡಿಯಿರಿ ಎಂದ. ಅವರು ಬಗ್ಗಿ ಹಲಗೆಗೆ ಕೈ ಹಾಕಿದರು.

“ಅವಳು ಬರೆದಿದ್ದೇ ಸರಿ ಇತ್ತು,” ಎಂದರು.

“ಏನಂದ್ರಿ, ಸಾರ್?”

ಎಲ್ಲರೂ ಅವರತ್ತ ನೋಡಿದರು. ಮಗಳೂ ನೋಡಿದಳು.

“ಏನಿಲ್ಲ. ಹುಷಾರಾಗಿ ಎತ್ತಿ ಅಂದೆ.”

ಮಸಣದ ದಾರಿ ಬಂದರಿನ ಮುಂದೆಯೇ ಹಾದುಹೋಗುತ್ತಿತ್ತು. ಬೆಳಗಿನ ದೋಣಿಗಳು ಆಗಷ್ಟೇ ಬಂದಿದ್ದವು. ಕೊಯ್ಯುವ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು ನಿಂತರು. ಅವರ ಮುಂದಿನ ಕಲ್ಲುಗಳ ಮೇಲೆ ಸೀಳಿದ ಹೊಟ್ಟೆಗಳಿಂದ ಬಲಿತ ಮೊಟ್ಟೆಗಳು, ಗಾಜಿನಷ್ಟು ತಿಳಿಯಾಗಿ, ಒಂದರ ಹಿಂದೊಂದು ಚರಂಡಿಗೆ ಇಳಿಯುತ್ತಿದ್ದವು.