ತೊಂಬತ್ತೈದರ ಜಾಗದಲ್ಲಿ ತೊಂಬತ್ತೊಂದು

ಲಾಂಡ್ರಿ ನಡೆಸುವ ಅವಳಿಗೆ ಟೈರೆಂದರೆ ಅಣ್ಣನ ಅಂಗಡಿಯದ್ದೇ. ಬೇರೆ ಅಂಗಡಿಗಳತ್ತ ತಲೆ ಹಾಕಿಯೂ ಮಲಗಿದವಳಲ್ಲ. ಬಟ್ಟೆ ಸಾಗಿಸುವ ಕಾರಿನ ಹಿಂದಿನ ಎರಡು ಟೈರು ಸವೆದು ನುಣ್ಣಗಾದಾಗಲೂ, ಹೊಸದು ಹಾಕೆಂದು ಅಣ್ಣನ ಕೈಗೆ ಕೀಲಿ ಕೊಟ್ಟು, ಅತ್ತಿಗೆಯೊಂದಿಗೆ ಹರಟುತ್ತ ಕೂತಳು.

ಮುಂದಿನ ತಿಂಗಳೇ, ಗಂಡ ಆಸ್ಪತ್ರೆಗೆ ಒಗೆದ ಬಟ್ಟೆ ಒಯ್ಯುತ್ತಿದ್ದಾಗ ಅದೇ ಕಾರಿನ ಹಿಂದಿನ ಒಂದು ಟೈರು ಸಿಡಿಯಿತು. ಕಾರು ತಡೆಗೋಡೆಗೆ ಅಪ್ಪಳಿಸಿತು. ಅವನ ಮುರಿದ ಬಲಭುಜ ಕೂಡಿಕೊಂಡರೂ ಇಸ್ತ್ರಿಪೆಟ್ಟಿಗೆ ಹಿಡಿಯುವ ಆ ಕೈ ಮೊದಲಿನಂತಾಗಲಿಲ್ಲ.

"ಕತ್ತೆ ಮೇಲೆ ಹೇರಿದ ಹಾಗೆ ಹೇರಿದ್ರೆ ಇನ್ನೇನಾಗುತ್ತೆ?" ಎಂದು ಅಣ್ಣ ನೆಂಟರಿಷ್ಟರೆದುರೆಲ್ಲ ಹೇಳಿದ. ಮೂಟೆಗಳನ್ನು ತೂಗಿಯೇ ಕಳಿಸುತ್ತಿದ್ದವಳಿಗೆ ತನ್ನ ತಕ್ಕಡಿಯ ಮೇಲೇ ಅನುಮಾನ ಹುಟ್ಟಿತು. ಗಂಡನಿಗೆ ಅನ್ನ ಕಲಸಿ ಬಾಯಿಗಿಡುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಕಾರು ರಿಪೇರಿಯಾದ ಮೇಲೆ ಗ್ಯಾರೇಜಿನವರು, "ಹೊಸ ಟೈರು ನೀವೇ ತನ್ನಿ, ಅಳತೆ ಕಾರಿನ ಬಾಗಿಲ ಪಕ್ಕದ ಚೀಟೀಲಿದೆ" ಎಂದರು. ಚೀಟಿಯಲ್ಲಿ 195/65 R15, ಅದರ ಮುಂದೆ 95 ಎಂದಿತ್ತು. ಸಿಡಿಯದೆ ಉಳಿದಿದ್ದ ಇನ್ನೊಂದು ಹಿಂದಿನ ಟೈರಿನ ಮೇಲೂ ಅದೇ ಅಂಕಿಗಳು. ಕೊನೆಯದು ಮಾತ್ರ 91.

"ಇದೇನಿದು, ಕೊನೇದು ಬೇರೆ?"

"ಅದು ಭಾರದ ಅಂಕಿ ಅಕ್ಕಾ. ಟೈರು ಎಷ್ಟು ತೂಕ ತಡೆಯುತ್ತೆ ಅಂತ. ಇದು ಏಳು ಸೀಟಿನ ಕಾರು, ಇದಕ್ಕೆ ತೊಂಬತ್ತೊಂದು ಸಾಲದು."

ಅವಳು ನೆಟ್ಟಗೆ ಅಣ್ಣನ ಅಂಗಡಿಗೆ ಹೋದಳು.

"ಅಗಲ ಒಂದೇ, ಎತ್ತರ ಒಂದೇ, ರಿಮ್ಮೂ ಒಂದೇ," ಎಂದ ಅಣ್ಣ.

"ಭಾರ?"

ಅವನು ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ಆವತ್ತು ತೊಂಬತ್ತೈದು ಇರಲಿಲ್ಲ ಕಣೇ. ಬೇರೆ ಗಿರಾಕಿಯಾಗಿದ್ರೆ ಬಗ್ಗಿ ನೋಡ್ತಿದ್ರು. ನೀನು ನೋಡಲ್ಲ ಅಂತ ಗೊತ್ತಿತ್ತು."

"ಗೊತ್ತಿದ್ದೂ ನನ್ನನ್ನ ಕತ್ತೆ ಮೇಲೆ ಹೇರೋ ಹಾಗೆ ಹೇರೋಳು ಅಂದೆ."

ಗಲ್ಲಾದ ಹಿಂದಿದ್ದ ಅತ್ತಿಗೆ, "ಸ್ವಂತದವರ ಮಧ್ಯೆ ಇದೆಲ್ಲ ದೊಡ್ಡದು ಮಾಡ್ಬಾರ್ದು," ಎಂದಳು.

ಆ ಸಂಜೆ ಅಮ್ಮನ ಫೋನು ಬಂತು. "ಒಂದು ಟೈರಿಗೋಸ್ಕರ ಒಡಹುಟ್ಟಿದವನನ್ನ ಬಿಡ್ತೀಯೇನೇ?"

ಒಳಗೆ ಗಂಡ ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಣಗುತ್ತಿದ್ದ. ಅವಳು ಫೋನಿಟ್ಟು, ಹೋಗಿ ಹಾಕಿದಳು. ಅಣ್ಣ ಹೇಳಿದ್ದನ್ನು ಅವನಿಗೆ ಹೇಳಬೇಕೆಂದುಕೊಂಡೇ ಬಂದಿದ್ದಳು; ಮೇಲಿನ ಗುಂಡಿ ಹಾಕಿ ಮುಗಿದರೂ ಬಾಯಿ ಬರಲಿಲ್ಲ.